ಉಪ್ಪಿಲ್ಲದ ಅರವತ್ತು ಬ್ರೆಡ್

ನನ್ನ ಲಿವರ್‌ನಲ್ಲಿ ಕೊಬ್ಬು ತುಂಬಿದೆ ಎಂದು ಡಾಕ್ಟರ್ ಹೇಳಿದ ದಿನ ನನಗೆ ಮೊದಲು ಬಂದದ್ದು ಸಿಟ್ಟು. ಅಳು ಆಮೇಲೆ ಬಂತು. ಹತ್ತೊಂಬತ್ತು ವರ್ಷ ಬೇಕರಿಯಲ್ಲಿ ನಿಂತೇ ದುಡಿದವಳು ನಾನು, ಜ್ವರ ಎಂದು ಒಂದು ದಿನ ಮಲಗಿದವಳಲ್ಲ. ಅಂಥವಳ ಒಳಗೆ ಕೆಟ್ಟದ್ದೇನೋ ಇದೆ ಎಂದರೆ ಯಾರಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ?

"ನಿಮ್ಮ ಮಟ್ಟಿಗೆ ಈಗಲೇ ಗಾಬರಿ ಬೀಳೋ ಅಂಥದ್ದೇನಿಲ್ಲ," ಎಂದರು ಡಾಕ್ಟರ್. "ಆದ್ರೆ ಇಂಥ ಲಿವರ್‌ನಿಂದ ತುಂಡು ತೆಗೆದು ಇನ್ನೊಬ್ಬರಿಗೆ ಹಾಕೋಕಾಗಲ್ಲ."

ಆ ಇನ್ನೊಬ್ಬ ನನ್ನ ತಮ್ಮ. ನನಗಿಂತ ಆರು ವರ್ಷ ಚಿಕ್ಕವನು. ಒಂದು ಕಾಲದಲ್ಲಿ ವ್ಯಾನಿನಲ್ಲಿ ಬ್ರೆಡ್ ತುಂಬಿಕೊಂಡು ಅಂಗಡಿ ಅಂಗಡಿಗೆ ಹಂಚಿ, ಹೋದಲ್ಲೆಲ್ಲ ಹರಟೆ ಹೊಡೆದು ಬರುತ್ತಿದ್ದ. ಈಗ ಲಿವರ್ ಕೆಟ್ಟು, ಬೇಕರಿಯ ಮೇಲಿನ ಮನೆಯಲ್ಲಿ ಕಿಟಕಿ ಪಕ್ಕ ಮಲಗಿರುತ್ತಾನೆ. ಕಣ್ಣು ಹಳದಿ, ಹೊಟ್ಟೆ ಊದಿಕೊಂಡಿದೆ, ಕೈಕಾಲು ಕಡ್ಡಿ. ಅವನ ಹೆಂಡತಿಯ ರಕ್ತ ಹೊಂದಲಿಲ್ಲ. ಪರೀಕ್ಷೆ ಮಾಡಿಸಿದವರಲ್ಲಿ ಹೊಂದಿದ್ದು ನನ್ನದೊಂದೇ.

"ಎಷ್ಟು ದಿನ ಇದೆ?" ಎಂದು ಕೇಳಿದೆ.

"ಹತ್ತು ವಾರ. ಅದಕ್ಕಿಂತ ಹೆಚ್ಚು ಅವರು ಕಾಯೋ ಸ್ಥಿತೀಲಿಲ್ಲ."

ಡಾಕ್ಟರ್ ನನ್ನನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಆಹಾರದ ವಿಷಯ ಹೇಳುವ ಮೇಡಂ ಕೂತಿದ್ದರು. ಕಡ್ಡಿಯಂಥ ಹುಡುಗಿ, ಮಾತು ಮಾತ್ರ ಸುತ್ತಿಗೆ. ನನ್ನನ್ನು ತೂಗಿದರು. ತೊಂಬತ್ತೊಂದು ಕಿಲೋ. ಎಂಬತ್ತಕ್ಕೆ ಇಳಿಯಬೇಕು, ಲಿವರ್‌ನ ಕೊಬ್ಬೂ ಕರಗಬೇಕು. ಅದಕ್ಕೆ ಕೀಟೋ ಎಂಬ ಪಥ್ಯ. ಬ್ರೆಡ್ ಇಲ್ಲ, ಅನ್ನ ಇಲ್ಲ, ಸಕ್ಕರೆ ಇಲ್ಲ, ಆಲೂಗಡ್ಡೆ ಇಲ್ಲ, ಬಾಳೆಹಣ್ಣೂ ಇಲ್ಲ. ಮೊಟ್ಟೆ, ಮೀನು, ಸೊಪ್ಪು, ಎಲೆಕೋಸು, ಬಾದಾಮಿ, ಬೆಣ್ಣೆ ತಿನ್ನಬಹುದು.

"ಬೆಣ್ಣೆನಾ?" ಎಂದೆ. "ಲಿವರ್‌ನಲ್ಲಿ ಕೊಬ್ಬಿದೆ ಅಂತೀರಿ, ಮತ್ತೆ ಕೊಬ್ಬೇ ತಿನ್ನು ಅಂತೀರಿ. ನನ್ನನ್ನೇನು ಆಟ ಆಡಿಸ್ತಿದ್ದೀರಾ?"

ಮೇಡಂ ನಗಲಿಲ್ಲ. "ನಿಮ್ಮ ಲಿವರ್‌ನಲ್ಲಿರೋದು ಹೆಚ್ಚಾಗಿ ನೀವು ತಿಂದ ಬ್ರೆಡ್ಡು, ಸಕ್ಕರೆ. ಅದನ್ನ ನಿಲ್ಲಿಸಿದ್ರೆ ಮೈ ತನ್ನಲ್ಲೇ ಇರೋ ಕೊಬ್ಬು ಸುಡೋಕೆ ಶುರು ಮಾಡುತ್ತೆ. ಆದ್ರೆ ಇದು ನನ್ನ ಕಣ್ಣೆದುರಿಗೇ ಆಗಬೇಕು. ವಾರ ವಾರ ಬಂದು ರಕ್ತ ಕೊಡಬೇಕು. ನಿಮ್ಮಷ್ಟಕ್ಕೆ ನೀವು ಏನೂ ಕೂಡಿಸೋ ಹಾಗಿಲ್ಲ, ಕಳೆಯೋ ಹಾಗಿಲ್ಲ. ದಿನಕ್ಕೆ ಎಷ್ಟು ಬ್ರೆಡ್ ತಿಂತೀರಿ?"

"ನಾನು ಬ್ರೆಡ್ ತಿನ್ನೋದೇ ಇಲ್ಲ," ಎಂದೆ. ಅದು ಸುಳ್ಳಲ್ಲ ಎಂದೇ ನಂಬಿದ್ದೆ. ಆದರೆ ಮೇಡಂ ಬಿಡಬೇಕಲ್ಲ! ಹಸಿ ಹಿಟ್ಟಿನ ರುಚಿ ನೋಡುವುದು, ಮುರಿದ ಬನ್ನು, ಸೀದ ಅಂಚು, ಟ್ರೇಯ ಮೂಲೆಯಲ್ಲಿ ಅಂಟಿದ ಕೇಕು, ಎಲ್ಲವನ್ನೂ ಕೆದಕಿ ಕೆದಕಿ ಕೇಳಿದರು. ಒಟ್ಟು ಸೇರಿಸಿದರೆ ದಿನಕ್ಕೊಂದು ಬ್ರೆಡ್‌ಗಿಂತ ಜಾಸ್ತಿಯೇ ಆಯಿತು. ನನಗೆ ನಾಚಿಕೆಯಾಯಿತು.

ಆವತ್ತೇ ತೀರ್ಮಾನಿಸಿದೆ. ಹತ್ತು ವಾರ ಹಿಟ್ಟು ನನ್ನ ಕೈಗೆ ಮಾತ್ರ, ಬಾಯಿಗಿಲ್ಲ.

ಹೇಳುವುದು ಸುಲಭ. ನಮ್ಮಲ್ಲಿ ಒಂದು ಕ್ರಮವಿದೆ, ಅಪ್ಪ ಹಾಕಿಕೊಟ್ಟದ್ದು. ಹಿಟ್ಟು, ನೀರು, ಯೀಸ್ಟ್ ಮೊದಲು ಕಲಸಿ ಇಪ್ಪತ್ತು ನಿಮಿಷ ಸುಮ್ಮನೆ ಬಿಡುತ್ತೇವೆ. ಉಪ್ಪು ಬೀಳುವುದು ಆಮೇಲೆ. ಕೊನೆಗೆ ಹಾಕುವುದರಿಂದ ಮರೆತುಹೋಗುವ ಭಯ ಇದ್ದೇ ಇದೆ. ಅದಕ್ಕೇ ಚಿಟಿಕೆ ಹಿಟ್ಟು ನಾಲಿಗೆಗೆ ಇಟ್ಟು ನೋಡದೆ ಮೇಜಿಗೆ ತೆಗೆಯುವ ಹಾಗಿಲ್ಲ. ಉಪ್ಪಿಲ್ಲದ ಬ್ರೆಡ್ ಹೊರಗೆ ಹೋದರೆ ಬೇಕರಿಯ ಮಾನವೇ ಹೋಯಿತು ಎನ್ನುತ್ತಿದ್ದ ಅಪ್ಪ.

ನೋಡಿ ಉಗುಳಿದರಾಯಿತಲ್ಲ ಎಂದು ನೀವು ಕೇಳಬಹುದು. ನನ್ನನ್ನು ನೀವು ಕಂಡಿಲ್ಲ. ನನ್ನ ನಾಲಿಗೆಗೆ ಬಂದದ್ದು ಒಳಗೇ ಹೋಗುತ್ತದೆ, ವಾಪಸು ಬಂದ ಇತಿಹಾಸವಿಲ್ಲ. ಒಲೆಯ ಹತ್ತಿರ ಮೂವತ್ತು ವರ್ಷದಿಂದ ನಿಂತಿರುವ ನಮ್ಮ ಒಲೆಯಣ್ಣನನ್ನು ಕೇಳಿದೆ. "ನನ್ನ ನಾಲಿಗೆ ಹೊಗೆಸೊಪ್ಪು ತಿಂದು ತಿಂದು ಎಂದೋ ಸತ್ತುಹೋಯ್ತು ತಾಯಿ," ಎಂದ. "ಹೆಂಡತಿ ಅಡುಗೇನೂ ಅಷ್ಟೇ, ಚೆನ್ನಾಗಿದೆ ಅಂದ್ಬಿಡ್ತೀನಿ." ಸರಿ, ಉಪ್ಪು ಅಳೆದೇ ಹಾಕುತ್ತೇವಲ್ಲ, ರುಚಿ ನೋಡದಿದ್ದರೆ ಏನು ಮುಳುಗುತ್ತದೆ ಎಂದುಕೊಂಡೆ.

ಮೊದಲ ಸೋಮವಾರ ಐವತ್ತು ಕಿಲೋದ ಹಿಟ್ಟಿನ ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತೆ. ಒಲೆಯಣ್ಣ ಮುಳ್ಳು ನೋಡಿ, "ಎರಡು ಮೂಟೆಗೆ ಒಂಬತ್ತು ಕಿಲೋ ಕಮ್ಮಿ," ಎಂದು ಗಂಭೀರವಾಗಿ ಘೋಷಿಸಿದ. "ಬಾಯಿಗೆ ಬೀಗ ಹಾಕೊಳ್ಳಿ," ಎಂದು ಗದರಿದೆ.

ಮೂರನೇ ದಿನಕ್ಕೆ ತಲೆ ಸಿಡಿಯತೊಡಗಿತು. ಕೈಕಾಲಿನಲ್ಲಿ ಶಕ್ತಿಯಿಲ್ಲ, ಯಾರು ಮಾತಾಡಿಸಿದರೂ ಕಚ್ಚುವಷ್ಟು ಕೋಪ. ಫೋನ್ ಮಾಡಿದರೆ ಮೇಡಂ, "ಶುರುವಿನಲ್ಲಿ ಹೀಗಾಗುತ್ತೆ. ಮೈಯಿಂದ ನೀರು, ಉಪ್ಪು ಹೊರಗೆ ಹೋಗ್ತಿದೆ. ನಿಮಗೆ ಬಿಪಿ ಇಲ್ಲ, ಬಿಸಿನೀರಿಗೆ ಚಿಟಿಕೆ ಉಪ್ಪು ಹಾಕಿ ಕುಡೀರಿ," ಎಂದರು. ನನಗೆ ಉಪ್ಪು ಕುಡಿಯಲು ಹೇಳುತ್ತಾರೆ. ಮೇಲೆ ಮಲಗಿರುವ ತಮ್ಮನಿಗೆ ಎಂಟು ತಿಂಗಳಿಂದ ಉಪ್ಪು ನಿಷೇಧ. ಉಪ್ಪು ಒಳಗೆ ಹೋದರೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅವನ ಹೆಂಡತಿ ಉಪ್ಪಿಲ್ಲದೆ ಏನೇನೋ ಬೇಯಿಸಿಕೊಡುತ್ತಾಳೆ, ಅವನು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾನೆ. ಡಾಕ್ಟರ್ ಅವನಿಗೂ ಖಡಾಖಂಡಿತವಾಗಿ ಹೇಳಿದ್ದರು: ಹೀಗೆ ಕರಗುತ್ತಾ ಹೋದರೆ ಆಪರೇಷನ್ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ತಿನ್ನಲೇಬೇಕು. ಅಂದರೆ ಮೇಲೊಬ್ಬ ತಿನ್ನಬೇಕಾದವನು ತಿನ್ನುತ್ತಿಲ್ಲ, ಕೆಳಗೊಬ್ಬಳು ತಿನ್ನಬಾರದವಳು ಬನ್ನಿನ ವಾಸನೆಯಲ್ಲಿ ಸಾಯುತ್ತಿದ್ದಾಳೆ.

ಆರನೇ ದಿನ ಬೆಳಗ್ಗೆ ಹಿಟ್ಟು ಕಲಸಿ ಬಿಟ್ಟಿದ್ದೆ. ತಲೆನೋವಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಲೋಟದಲ್ಲಿ ಬಿಸಿನೀರು ತಂದು, ಅಳೆದಿಟ್ಟಿದ್ದ ಉಪ್ಪಿನ ಬಟ್ಟಲನ್ನೂ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಚಿಟಿಕೆ ಹಾಕಿಕೊಂಡು ನಿಂತು ಕುಡಿದೆ. ಬಂದು ಹಿಟ್ಟು ನಾದುವ ಯಂತ್ರ ಹಾಕಿದೆ. ಹಿಟ್ಟು ಅಂಟಂಟಾಗಿತ್ತು, ಎಂದಿಗಿಂತ ಬೇಗ ಉಬ್ಬಿಯೂ ಬಂತು. ಸೆಕೆಗೆ ಹೀಗಾಗಿದೆ ಎಂದುಕೊಂಡೆ. ಒಲೆಯಣ್ಣ, "ಬಣ್ಣ ಯಾಕೋ ಬಿಳಿಚಿಕೊಂಡಿದೆ," ಎಂದ. "ನಿಮ್ಮ ಒಲೆಗೆ ಬಿಸಿ ಸಾಲದು," ಎಂದು ಅವನ ಮೇಲೇ ಹಾಕಿದೆ.

ಒಂಬತ್ತಕ್ಕೆ ಮೇಷ್ಟ್ರು ಬಂದರು. ನಿವೃತ್ತ ಗಣಿತದ ಮೇಷ್ಟ್ರು, ಎದುರು ಬೀದಿಯವರು. ಕೈಯಲ್ಲಿ ನಮ್ಮ ಬ್ರೆಡ್.

"ಏನಮ್ಮ ಇದು? ಬಾಯಲ್ಲಿ ಹತ್ತಿ ಇಟ್ಕೊಂಡ ಹಾಗಿದೆ!"

"ನಿಮ್ಮ ಬಾಯಿ ಕೆಟ್ಟಿರಬೇಕು ಮೇಷ್ಟ್ರೇ."

"ನೀವೇ ತಿಂದು ನೋಡಿ!"

ತುಂಡು ಮುರಿದು ಬಾಯಿ ತನಕ ತಂದೆ. ಬೆಚ್ಚಗಿತ್ತು. ಬಾಯಲ್ಲಿ ನೀರು ಚಿಮ್ಮಿತು. ಆರು ದಿನ ಆರು ವರ್ಷದ ಹಾಗೆ ಕಳೆದಿದ್ದೇನೆ, ಈಗ ನೆಪವೂ ಸಿಕ್ಕಿದೆ. ಇಲ್ಲ ಎಂದು ಕೈ ಕೆಳಗಿಳಿಸಿದೆ. ಆಗ ಕಿಟಕಿಯ ಕಡೆ ನೋಡಿದೆ. ನನ್ನ ಖಾಲಿ ಲೋಟದ ಪಕ್ಕ ಉಪ್ಪಿನ ಬಟ್ಟಲು ಕೂತಿತ್ತು, ತುಂಬಿದ ಹಾಗೇ.

ಅರವತ್ತು ಬ್ರೆಡ್. ಹಂಚಿದ್ದನ್ನೆಲ್ಲ ವಾಪಸು ತರಿಸಿದೆ. ಮೇಜಿನ ಮೇಲೆ ರಾಶಿ ಬಿತ್ತು. ಆ ರಾಶಿಯ ಮುಂದೆ ಕೂತು, ಒಲೆಯಣ್ಣ, ಮೇಷ್ಟ್ರು ಇಬ್ಬರ ಎದುರಿಗೇ ಗೊಳೋ ಎಂದು ಅತ್ತೆ.

"ಸಾಕಪ್ಪಾ ಸಾಕು! ಈ ಪಥ್ಯ ಬೇಡ, ಏನೂ ಬೇಡ! ಅಪ್ಪ ಕಟ್ಟಿದ ಅಂಗಡಿ ಮುಳುಗಿಸ್ತಿದ್ದೀನಿ. ಆರು ದಿನಕ್ಕೇ ಹೀಗಾದ್ರೆ ಹತ್ತು ವಾರ ಎಲ್ಲಿಂದ ತರಲಿ?"

ಮೆಟ್ಟಿಲ ಮೇಲೆ ಸದ್ದಾಯಿತು. ತಮ್ಮ ಇಳಿದು ಬರುತ್ತಿದ್ದ, ಒಂದು ಕೈ ಗೋಡೆಗೆ, ಇನ್ನೊಂದು ಹೆಂಡತಿಯ ಹೆಗಲಿಗೆ. ಅವನು ಕೆಳಗಿಳಿದು ಒಂದು ತಿಂಗಳಾಗಿತ್ತು.

"ಏನಕ್ಕಾ, ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೀಯಾ?"

"ಉಪ್ಪು ಹಾಕೋದು ಮರೆತೆ ಕಣೋ. ಅರವತ್ತಕ್ಕೂ."

ಅವನು ರಾಶಿಯ ಹತ್ತಿರ ಬಂದ. "ಒಂದು ಚೂರೂ ಇಲ್ವಾ? ನಿಜವಾಗ್ಲೂ?"

"ಇಲ್ಲ ಅಂದ್ನಲ್ಲ!"

ಸ್ಟೂಲು ಎಳೆದುಕೊಂಡು ಕೂತ. ಒಂದು ಬ್ರೆಡ್ ಎತ್ತಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. ಆಮೇಲೆ ಮುರಿದು, ನನ್ನ ಪಥ್ಯದ ಉಪ್ಪಿಲ್ಲದ ಬೆಣ್ಣೆಯನ್ನು ಬೆರಳಲ್ಲೇ ಸವರಿ ಬಾಯಿಗಿಟ್ಟ. ಅಗಿದ. ನಾವೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದೆವು.

"ಥೂ, ಏನೂ ಚೆನ್ನಾಗಿಲ್ಲ ಅಕ್ಕಾ," ಎಂದ. "ಇನ್ನೊಂದು ತುಂಡು ಕೊಡು."

ಮೂರು ತುಂಡು ತಿಂದ. ನಾಲ್ಕನೆಯದಕ್ಕೂ ಕೈ ಚಾಚಿದ. ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿ ನಿಂತಳು. ನನಗೆ ನನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕೆನಿಸಿತು. ಎಂಟು ತಿಂಗಳು! ಮೇಲೆ ತಮ್ಮ ಬ್ರೆಡ್ ವಾಸನೆ ಕುಡಿಯುತ್ತ ಮಲಗಿದ್ದಾನೆ, ಕೆಳಗೆ ನಾನು ದಿನಾ ಬೇಯಿಸುತ್ತಿದ್ದೇನೆ, ಒಂದೇ ಒಂದು ಬ್ರೆಡ್‌ಗೆ ಉಪ್ಪು ಹಾಕದೆ ಬಿಡಬಹುದೆಂದು ನನಗೆ ಹೊಳೆಯಲೇ ಇಲ್ಲ. ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ಉಪ್ಪಿಲ್ಲದ ಬ್ರೆಡ್ ಎಂದರೆ ಮಾನ ಹೋಗುವ ತಪ್ಪು ಎಂದು ಕಲಿತ ಬೇಕರಿಯವಳಿಗೆ ಮಾತ್ರ ಹೊಳೆಯಲಿಲ್ಲ.

"ನೋಡು," ಎಂದ ತಮ್ಮ, ಬಾಯಲ್ಲಿ ಬ್ರೆಡ್ ಇಟ್ಟುಕೊಂಡೇ. "ನೀನು ಪಥ್ಯ ಬಿಡೋದಾದ್ರೆ ನಾನೂ ತಿನ್ನೋದು ಬಿಡ್ತೀನಿ. ನೀನು ಮಾಡ್ತೀನಿ ಅಂದ್ರೆ ನಾನು ತಿಂತೀನಿ. ಹೇಳು."

"ಏನೋ, ನನಗೇ ಷರತ್ತು ಹಾಕ್ತೀಯಾ?"

"ಹಾಕ್ತೀನಿ."

ಕಣ್ಣೊರೆಸಿಕೊಂಡು ಎದ್ದೆ. ಮಾರನೆಯ ದಿನದಿಂದ ಹಿಟ್ಟಿನ ರುಚಿ ನೋಡುವ ಕೆಲಸ ತಮ್ಮನ ಹೆಂಡತಿಗೆ ಹೋಯಿತು. ಅವಳ ನಾಲಿಗೆ ನನ್ನದಕ್ಕಿಂತ ಚುರುಕು, ಹೇಳಿಕೊಳ್ಳಲು ನನಗಿಷ್ಟವಿಲ್ಲ. ಉಪ್ಪು ಬೀಳುವ ಮುಂಚೆ ಒಂದು ಉಂಡೆ ಹಿಟ್ಟು ತಮ್ಮನ ಪಾಲಿಗೆ ಎತ್ತಿಡುತ್ತಿದ್ದೆ. ಮೇಡಂ ಕೂಡ ಒಪ್ಪಿದರು. ಹನ್ನೊಂದು ಗಂಟೆಗೆ ಅವನು ಇಳಿದು ಬರುತ್ತಿದ್ದ. ಮೇಜಿನ ಆ ಕಡೆ ಅವನ ಬ್ರೆಡ್, ಈ ಕಡೆ ನನ್ನ ಮೊಟ್ಟೆ, ಸೊಪ್ಪು. ಅವನು ಕೊನೆಯ ಚೂರು ನುಂಗುವ ತನಕ ನಾನು ಏಳುತ್ತಿರಲಿಲ್ಲ, ನಾನು ಮೊಟ್ಟೆ ಮುಗಿಸುವ ತನಕ ಅವನು.

ಎಂಟು ದಿನಕ್ಕೆ ತಲೆನೋವು ಹೋಯಿತು. ಐದನೇ ವಾರಕ್ಕೆ ಎಂಬತ್ತೈದೂವರೆಗೆ ಬಂದೆ. ಆಮೇಲೆ ಮುಳ್ಳು ಮುಷ್ಕರ ಹೂಡಿತು. ಹನ್ನೊಂದು ದಿನ ಅಲ್ಲಾಡಲಿಲ್ಲ. ತಕ್ಕಡಿಗೆ ಒದ್ದೆ. ಒಲೆಯಣ್ಣ, "ಪಾಪ, ಅದೇನು ಮಾಡಿತ್ತು," ಎಂದ. ಆ ದಿನ ಒಲೆಯಿಂದ ಬನ್ನು ಹೊರಬಂದಾಗ ಒಂದನ್ನು ಕೈಯಲ್ಲಿ ಹಿಡಿದು ಹಿಂಬಾಗಿಲ ಹೊರಗೆ ಹೋಗಿ ನಿಂತೆ. ಯಾರೂ ಇರಲಿಲ್ಲ. ಒಂದು ಬನ್ನಿಗೆ ಯಾವ ಲಿವರ್ ಕೆಡುತ್ತದೆ?

ತೆರೆದ ಬಾಗಿಲಿನಿಂದ ಒಳಗಿನ ಗಡಿಯಾರ ನೋಡಿದೆ. ಹನ್ನೊಂದಕ್ಕೆ ಐದು ನಿಮಿಷ. ಇನ್ನು ಐದು ನಿಮಿಷಕ್ಕೆ ಅವನು ಎದುರು ಕೂತು ರುಚಿಯಿಲ್ಲದ್ದನ್ನು ನನಗಾಗಿ ಅಗಿಯುತ್ತಾನೆ. ಅವನ ಮುಖ ಹೇಗೆ ನೋಡಲಿ? ಬನ್ನನ್ನು ಬೀದಿನಾಯಿಗೆ ಹಾಕಿ ಒಳಗೆ ಬಂದೆ. ಸಂಜೆ ಮೇಡಂಗೆ ಫೋನ್ ಮಾಡಿ ಜಗಳವಾಡಿದೆ. ಅವರು ಬಾದಾಮಿ ಅರ್ಧಕ್ಕೆ ಇಳಿಸಿ, ದಿನಾ ಮುಕ್ಕಾಲು ಗಂಟೆ ನಡೆಯಿರಿ ಎಂದರು. ನಡೆದೆ. ಕಾಲಿಗೆ ಗುಳ್ಳೆ ಬಂದರೂ ನಡೆದೆ. ನಾಲ್ಕನೇ ದಿನ ಮುಳ್ಳು ಕೆಳಗಿಳಿಯಿತು.

ಹತ್ತನೇ ವಾರ ಒಲೆಯಣ್ಣ, "ಒಂದೂವರೆ ಮೂಟೆಗೆ ಆರು ಕಿಲೋ ಜಾಸ್ತಿ," ಎಂದ. ಎಂಬತ್ತೊಂದು. ಒಂದು ಕಿಲೋ ಉಳಿದೇಬಿಟ್ಟಿತು. ಆಸ್ಪತ್ರೆಯ ದಾರಿಯುದ್ದಕ್ಕೂ ಆ ಒಂದು ಕಿಲೋವನ್ನು ಶಪಿಸಿದೆ. ಡಾಕ್ಟರ್ ಸ್ಕ್ಯಾನ್ ತೆರೆದು ಬಹಳ ಹೊತ್ತು ನೋಡಿದರು. ಪಕ್ಕದ ಕುರ್ಚಿಯಲ್ಲಿ ತಮ್ಮ. ಅವನ ತೋಳಿನ ಸುತ್ತಳತೆ ಎರಡು ಸೆಂಟಿಮೀಟರ್ ಹೆಚ್ಚಿದೆ ಎಂದು ಮೇಡಂ ಆಗಲೇ ಬರೆದಿದ್ದರು.

"ಒಂದು ಕಿಲೋ ಬಾಕಿ ಇದೆ ಡಾಕ್ಟರೇ," ಎಂದೆ, ಅವರು ಹೇಳುವ ಮುಂಚೆಯೇ. "ಒಂದು ವಾರ ಕೊಡಿ, ಅದನ್ನೂ ಇಳಿಸ್ತೀನಿ."

"ಬಿಡಿ ಅದನ್ನ. ಲಿವರ್ ನೋಡಿ," ಎಂದು ಪರದೆ ತಿರುಗಿಸಿದರು. ನನಗೆ ಏನೂ ಅರ್ಥವಾಗಲಿಲ್ಲ. "ಕೊಬ್ಬು ಕರಗಿದೆ. ನೀವು ಕೊಡಬಹುದು."

ತಮ್ಮ ನನ್ನ ಕೈ ಹಿಡಿದುಕೊಂಡ. ನಾನು ಯಾರನ್ನೂ ಬೈಯದೆ ಕೂತ ದಿನ ಅದೊಂದೇ ಇರಬೇಕು.

ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ಡಾಕ್ಟರ್ ಅವನಿಗೆ ಉಪ್ಪು ತಿನ್ನಲು ಬಿಟ್ಟರು, ಹಿತಮಿತವಾಗಿ ಎಂದು. ನನಗೂ ಬ್ರೆಡ್ ತಿನ್ನಲು ಬಿಟ್ಟರು, ಅದೇ ಮಾತಿನ ಜೊತೆ. ಆವತ್ತು ಅವನ ಪಾಲಿನ ಉಂಡೆಯನ್ನು ಬೇರೆ ಎತ್ತಿಡಲಿಲ್ಲ. ಅಳೆದ ಬಟ್ಟಲನ್ನು ಅವನ ಕಣ್ಣೆದುರಿಗೇ ಹಿಟ್ಟಿಗೆ ಸುರಿದೆ. ಹನ್ನೊಂದಕ್ಕೆ ಮೊದಲ ಬ್ರೆಡ್ ಮುರಿದು ಅವನ ಮುಂದೆ ಇಟ್ಟೆ. ಕಚ್ಚಿದ. ಅವನ ಕಣ್ಣು ಈಗ ಹಾಲಿನಷ್ಟು ಬೆಳ್ಳಗಿತ್ತು.

ಮುಖ ಕಿವುಚಿದ. "ಅಕ್ಕಾ, ಉಪ್ಪು ಜಾಸ್ತಿ ಆಯ್ತು."

"ಏನಂದೆ? ಹತ್ತೊಂಬತ್ತು ವರ್ಷದ ಅಳತೆ ಕಣೋ ಇದು! ನನ್ನ ಲಿವರ್ ಇಟ್ಕೊಂಡು ನನ್ನ ಬ್ರೆಡ್‌ಗೇ ಕೊಂಕು ತೆಗೀತೀಯಾ?"

ಅವನು ನಗುತ್ತ ಮತ್ತೊಂದು ತುಂಡಿಗೆ ಕೈ ಚಾಚಿದ. ನಾನೂ ಒಂದು ಚೂರು ಮುರಿದು, ಎಷ್ಟೋ ತಿಂಗಳ ಮೇಲೆ, ಬಾಯಿಗಿಟ್ಟು ನಿಧಾನವಾಗಿ ಅಗಿದೆ. ಉಪ್ಪು ಸರಿಯಾಗಿತ್ತು.