ಪಿಡಿಎಯೊಳಗಿನ ಬಾವಿ

ಪಾಯದ ಮೂರನೇ ಗುಂಡಿಯಲ್ಲಿ ಲಿಂಗಪ್ಪನ ತಲೆ ಮಾತ್ರ ಕಾಣುತ್ತಿತ್ತು. ಅವನ ಹೆಂಡತಿ ದುರ್ಗವ್ವ ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆದುಕೊಳ್ಳುತ್ತಿದ್ದಳು. ಪಕ್ಕದ ಮನೆಯ ಪ್ರಭಾ ಕಾಂಪೌಂಡಿನಾಚೆಯಿಂದ ಇದನ್ನು ಕಂಡವರೇ ಚಪ್ಪಲಿ ಮೆಟ್ಟಿ ಸೈಟಿಗೆ ಬಂದರು.

"ಕೆಂಪಯ್ಯನವರೇ, ಅವರನ್ನ ಮೇಲೆ ಕರೀರಿ. ಇಲ್ಲೆಲ್ಲೋ ಮುಚ್ಚಿದ ಬಾವಿ ಇದೆ."

ಸೈಟಿನ ಯಜಮಾನ ಕೆಂಪಯ್ಯ ನಕ್ಕರು. "ನಮ್ಮಪ್ಪನ ಹೊಲ ಮೇಡಂ ಇದು. ನಾನು ಈಜು ಕಲ್ತಿದ್ದೇ ಆ ಬಾವೀಲಿ. ಅದು ಹಿಂದ್ಗಡೆ. ಅದನ್ನ ಬಿಟ್ಟೇ ಮಾರ್ಕ್ ಮಾಡ್ಸಿದೀನಿ."

ಇಪ್ಪತ್ತನಾಲ್ಕು ವರ್ಷಗಳ ಹಿಂದೆ, ಭೂವಿಜ್ಞಾನದ ಎಂಎಸ್ಸಿ ಮುಗಿಸಿ ಅಂತರ್ಜಲ ಸಮೀಕ್ಷೆಗೆ ಸೇರಿದ್ದಾಗ, ಆಗಿನ್ನೂ ಹೊಲಗಳೇ ಇದ್ದ ಈ ಶ್ರೀಗಂಧದ ಕಾವಲಿನ ಬಾವಿಗಳನ್ನೆಲ್ಲ ಅಳೆದವರು ಪ್ರಭಾ. ಈ ಬಾವಿಯ ಬಾಯಿಗೆ ಚಪ್ಪಡಿ ಹಾಸಿ ಮಣ್ಣೆಳೆದಿದ್ದನ್ನು ಕಂಡಿದ್ದರು. ಆದರೆ ಯಾವ ಮೂಲೆ? ನೆನಪನ್ನು ನಂಬುವ ಜಾಯಮಾನ ಅವರದಲ್ಲ. ಅಳತೆ ಎಲ್ಲಿದೆಯೆಂದು ಗೊತ್ತಿತ್ತು.

"ಹತ್ತು ನಿಮಿಷ ನಿಲ್ಸಿ."

"ಆಷಾಢಕ್ಕೆ ಮುಂಚೆ ಪಾಯ ಮುಗೀಬೇಕು ಮೇಡಂ. ನೀವು ತಗೊಂಬನ್ನಿ, ಅವ್ನು ಅಗೀತಿರ್ಲಿ."

ಪ್ರಭಾ ಮನೆಗೆ ಓಡಿ ಟೇಪು, ಪಿಡಿಎ ತಂದರು. ಸ್ಮಾರ್ಟ್‌ಫೋನಿಗೂ ಮುಂಚೆ ಕೆಲವರ ಜೇಬಿನಲ್ಲಿರುತ್ತಿದ್ದ ಅಂಗೈ ಕಂಪ್ಯೂಟರ್ ಅದು. ಸೆಲ್ಲಿನಲ್ಲಿ ಜೀವವಿರುವವರೆಗೆ ಮಾತ್ರ ಅದಕ್ಕೆ ನೆನಪು. ಸೆಲ್ ಬದಲಿಸುವಾಗ ಒಂದು ನಿಮಿಷ ತಡವಾದರೂ ಎಲ್ಲ ಖಾಲಿ. ಎರಡು ತಿಂಗಳಿಗೊಮ್ಮೆ ಸೆಲ್ ಹಾಕಿ ಅದನ್ನು ಉಳಿಸಿಕೊಂಡು ಬಂದಿದ್ದರು. ಬೇಕಾದ್ದನ್ನೆಲ್ಲ ಪುಸ್ತಕಕ್ಕೆ ಇಳಿಸಿಕೊಂಡಿದ್ದರೂ ಸತ್ತ ಬಾವಿಗಳ ಅಳತೆ ಯಾರಿಗೆ ಬೇಕೆಂದು ಅದರಲ್ಲೇ ಬಿಟ್ಟಿದ್ದರು.

ಬಿಸಿಲಿಗೆ ಬೂದು ಪರದೆ ಕಾಣಲಿಲ್ಲ. ಸೆರಗನ್ನು ಅಡ್ಡ ಹಿಡಿದರು. ಕಡ್ಡಿಯಂಥ ಪೆನ್ನಿನಿಂದ ಒಂದೊಂದೇ ಗೀಟಿಗೆ ಒಂದೊಂದು ಇಂಗ್ಲಿಷ್ ಅಕ್ಷರ ಗೀಚುತ್ತ ಕೆಂಪಯ್ಯನ ತಂದೆ ದೊಡ್ಡಹನುಮಯ್ಯನ ಹೆಸರು ಹುಡುಕಿದರು. ಟಿಪ್ಪಣಿ ಪಟ್ಟಿಯಲ್ಲಿ ಬಂತು.

ಕೆಳಗಿನಿಂದ ಠಣ್ ಎಂದಿತು.

"ಕಲ್ಲು ಹತ್ತೇತ್ರೀ ಸಾವ್ಕಾರ್ರ," ಲಿಂಗಪ್ಪ ಕೂಗಿದ. "ಚಪ್ಪಟಿ ಐತಿ."

"ಬಂಡೆ ಇರ್ಬೇಕು. ಒಡಿ."

ಪ್ರಭಾ ಅವಸರದಲ್ಲಿ ಆ ಹೆಸರಿನ ಮೇಲೆ ಒತ್ತಿಬಿಟ್ಟರು. ಹಳೆಯ ಗಾಜು; ಒತ್ತಿದ್ದಕ್ಕಿಂತ ಒಂದು ಬೇಳೆಯಷ್ಟು ಕೆಳಗೆ ಒತ್ತಿದಂತೆ ತಿಳಿಯುವುದು ಅದರ ಚಾಳಿ. ದಿನವೂ ಗೊತ್ತಿದ್ದದ್ದು ಈಗ ಮರೆತಿತ್ತು. ಹೆಸರಿನ ಕೆಳಗಿದ್ದ 'ಅಳಿಸು' ಬಟನ್ ಒತ್ತಿಹೋಗಿ, ಈ ಟಿಪ್ಪಣಿ ಅಳಿಸಲೇ ಎಂದು ಯಂತ್ರ ಕೇಳಿತು. 'ಬೇಡ' ಮೇಲಿತ್ತು, ಅದಕ್ಕಂಟಿಕೊಂಡು ಕೆಳಗೆ 'ಹೂಂ'.

"ತಡೀರಿ, ಒಡೀಬೇಡಿ," ಎಂದರು, ಪರದೆಯಿಂದ ಕಣ್ಣು ತೆಗೆಯದೆ.

ಹಾರೆ ಮತ್ತೊಮ್ಮೆ ಬಿತ್ತು. ಈ ಸಲ ಸದ್ದು ತುಂಬಿದ ಕೊಡದ್ದಲ್ಲ, ಬರಿಗೊಡದ್ದು.

ದುರ್ಗವ್ವ ಪ್ರಭಾರ ಮುಖ ನೋಡಿದಳು. "ಏ, ನಿಂದ್ರು."

"ಏನಾಗಂಗಿಲ್ಲ, ಸುಮ್ನಿರ," ಎಂದ ಲಿಂಗಪ್ಪ.

ಪ್ರಭಾ ಉಸಿರು ಬಿಗಿಹಿಡಿದು, 'ಬೇಡ' ಎಂಬುದರ ಮೇಲಲ್ಲ, ಅದಕ್ಕೂ ಒಂದು ಬೇಳೆ ಮೇಲಿನ ಖಾಲಿ ಜಾಗಕ್ಕೆ ಪೆನ್ನು ತಾಗಿಸಿದರು. ಪ್ರಶ್ನೆ ಮಾಯವಾಯಿತು. ಹಾಗೇ ಮೇಲೆ ಒತ್ತಿ ಟಿಪ್ಪಣಿ ತೆರೆದು ಗಟ್ಟಿಯಾಗಿ ಓದಿದರು.

"ಸರ್ವೆ ಕಲ್ಲಿಂದ ಪೂರ್ವಕ್ಕೆ ಹನ್ನೊಂದು ಮೀಟರ್, ಉತ್ತರಕ್ಕೆ ನಾಲ್ಕು. ಚಪ್ಪಡಿ ಮುಚ್ಚಳ. ಆಳ ಮೂವತ್ತೆಂಟು ಅಡಿ."

ದುರ್ಗವ್ವ ಟೇಪಿಗೆ ಕಾಯಲಿಲ್ಲ. ಹೊಟ್ಟೆಯ ಮೇಲೆ ಮಲಗಿ ಗಂಡನ ಮಣಿಕಟ್ಟು ಹಿಡಿದಳು. "ಹತ್ತು. ಹತ್ತಂತೀನಿ." ಅವನು ಬೈಯುತ್ತಲೇ ಹತ್ತಿದ.

ಕೆಂಪಯ್ಯನೇ ಟೇಪಿನ ತುದಿಯನ್ನು ಸರ್ವೆ ಕಲ್ಲಿಗೆ ಹಿಡಿದರು. ಅಳತೆ ಬಂದು ನಿಂತದ್ದು ಮೂರನೇ ಗುಂಡಿಯ ನಡುವೆ.

"ಹಿಂದ್ಗಡೆ ಇತ್ತಲ್ಲ..."

"ಆಗ ನೀವು ಬರ್ತಿದ್ದಿದ್ದು ಆ ಕಡೆ ಗಾಡಿ ಜಾಡಿಂದ," ಎಂದರು ಪ್ರಭಾ. "ಈ ರೋಡೇ ಇರ್ಲಿಲ್ಲ. ಆಗಿನ ಹಿಂದ್ಗಡೇನೇ ಈಗಿನ ಮುಂದ್ಗಡೆ."

ಕೆಂಪಯ್ಯ ಆಚೆ ತಿರುಗಿ, ಹಳೆಯ ಜಾಡು ಇದ್ದ ಕಡೆ ನೋಡಿದರು. ಆಮೇಲೆ ಪರೀಕ್ಷಿಸಿಯೇ ಬಿಡೋಣವೆಂದು ಲಿಂಗಪ್ಪನ ಜೊತೆ ಸೇರಿ ಒಂದು ದಿಂಡುಗಲ್ಲನ್ನು ಉರುಳಿಸಿ ಗುಂಡಿಗೆ ತಳ್ಳಿದರು. ಚಪ್ಪಡಿ ಎರಡಾಯಿತು. ಕಲ್ಲು, ಹಾರೆ, ಒಂದು ಬುಟ್ಟಿ ಎಲ್ಲ ಒಟ್ಟಿಗೆ ಕಾಣೆಯಾದವು. ಒಂದೂವರೆ ಸೆಕೆಂಡು ಏನೂ ಕೇಳಲಿಲ್ಲ. ಆಮೇಲೆ ಬಹಳ ಕೆಳಗೆ ಸದ್ದಾಯಿತು.

"ನನ್ ಹಾರಿ ಹೋತಲ್ಲ," ಎಂದ ಲಿಂಗಪ್ಪ.

ದುರ್ಗವ್ವ ಮತ್ತೆ ಅವನ ಕೈ ಹಿಡಿದುಕೊಂಡಳು. "ಅಕ್ಕಾರ, ಉಳಿದ ಗುಂಡಿಗೋಳ್ನೂ ಅದರಾಗ ನೋಡಿ ಹೇಳ್ರಿ," ಎಂದಳು. "ಅಲ್ಲೀತನ ಇಂವ ಎಲ್ಲೀ ಇಳ್ಯಂಗಿಲ್ಲ."

ಕೆಂಪಯ್ಯ ಟೇಪಿನ ತುದಿ ಹಿಡಿದು ಮತ್ತೆ ಸರ್ವೆ ಕಲ್ಲಿನ ಕಡೆ ನಡೆದರು.