ಮಿರ್ಚಿ ಭಜಿಯ ಸುಳ್ಳು

ನಮ್ಮ ಲಾರಿ ಆಫೀಸಿನ ಗೋಡೆಯ ಮೇಲೆ ಒಂದು ಉದ್ದನೆಯ ಹಲಗೆ ಇತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಎಳೆದ ದಾರಿ, ದಾರಿಯುದ್ದಕ್ಕೂ ಮೊಳೆಗಳು, ಮೊಳೆಗಳಿಗೆ ಸಿಕ್ಕಿಸಿದ ಸೋಡಾ ಬಾಟಲಿಯ ಮುಚ್ಚಳಗಳು. ಒಂದೊಂದು ಮುಚ್ಚಳವೂ ಒಂದೊಂದು ಲಾರಿ. ಯಾವ ಗಾಡಿ ಎಲ್ಲಿದೆಯೆಂದು ತಿಳಿದು ಮುಚ್ಚಳ ಸರಿಸುವುದು, ಮುಂದಿನ ಲೋಡು ಎಲ್ಲಿ ಎತ್ತಬೇಕೆಂದು ಹೇಳುವುದು ನನ್ನ ಕೆಲಸ. ಗಂಡ ತೀರಿಕೊಂಡ ಮೇಲೆ ಮಗಳು ಶಾಂಭವಿಯನ್ನು ಆ ಹಲಗೆಯ ಕೆಳಗೇ ಆಡಿಸಿ ಬೆಳೆಸಿದೆ.

ದಾರಿಯಲ್ಲಿರುವ ಡ್ರೈವರನನ್ನು 'ಯಾವಾಗ ಮುಟ್ಟುತ್ತೀ' ಎಂದು ಕೇಳುವಂತಿರಲಿಲ್ಲ. ಮುಟ್ಟುವ ಮೊದಲೇ ಆ ಮಾತಾಡಿದರೆ ಗಾಡಿಗೆ ಕೇಡೆಂದು ಅವರೆಲ್ಲ ನಂಬಿದ್ದರು. ಹಾಗಾಗಿ ಫೋನು ಬಂದಾಗ 'ಏನು ತಿಂದೆ' ಎಂದಷ್ಟೇ ಕೇಳುತ್ತಿದ್ದೆ. ಅವಲಕ್ಕಿ ಎಂದರೆ ಘಟ್ಟದ ಬುಡದ ಹೋಟೆಲು. ಮಿರ್ಚಿ ಭಜಿ ಎಂದರೆ ಘಟ್ಟದ ನೆತ್ತಿ. ಗೋಧಿ ಹುಗ್ಗಿ ಎಂದರೆ ಹೊಳೆ ದಾಟಿಯಾಯಿತು.

ಶಾಂಭವಿ ನರ್ಸಿಂಗ್ ಶಾಲೆಯ ಪರೀಕ್ಷೆಗೆಂದು ಹೊಳೆಯಾಚೆಯ ಪಟ್ಟಣಕ್ಕೆ ಹೊರಟ ದಿನ, ಬಸ್ಸು ಹೋಗಿ ಸ್ವಲ್ಪ ಹೊತ್ತಿಗೇ ಫೋನು ಬಡಿದುಕೊಂಡಿತು.

"ಅವ್ವಾ, ಬಸ್ಸಿನ ಎಕ್ಸೆಲ್ ಮುರದೈತಿ. ಅವಲಕ್ಕಿ ಹೋಟೆಲಿನಾಗ ಅದೇನಿ. ಇನ್ನೊಂದ್ ಬಸ್ಸು ಮಧ್ಯಾಹ್ನದ ಮ್ಯಾಲೇ ಅಂತ."

"ಅಳಬ್ಯಾಡ. ಅಲ್ಲೇ ನಿಂದ್ರು, ನೋಡ್ತೀನಿ."

ಪರೀಕ್ಷೆಯೇ ಮಧ್ಯಾಹ್ನಕ್ಕೆ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಹಲಗೆ ನೋಡಿದೆ. ಘಟ್ಟದ ಹತ್ತಿರ ಇದ್ದದ್ದು ಡ್ರೈವರ್ ಗುರುಸಿದ್ಧನ ಮುಚ್ಚಳ ಒಂದೇ, ಅದೂ ನೆತ್ತಿಯ ಮೇಲೆ. ಆಗಷ್ಟೇ ಫೋನು ಮಾಡಿ, "ಮಿರ್ಚಿ ತಿಂದೆರಿ ಅಕ್ಕಾರ, ಬಾಳ ಖಾರ!" ಎಂದಿದ್ದ. ತಿರುಗಿ ಕೆಳಗಿಳಿದು ಬಾ ಎಂದು ಬೇಡಿಕೊಳ್ಳೋಣವೆಂದು ಮಿರ್ಚಿ ಹೋಟೆಲಿಗೆ ಫೋನು ಹಚ್ಚಿದೆ.

"ಗುರುಸಿದ್ಧನಾ? ಇವತ್ತ ಅವ ಈ ಕಡೆ ಬಂದೇ ಇಲ್ಲರೀ ಬಾಯಾರ," ಎಂದ ಹೋಟೆಲಿನವ. "ನಾ ಇನ್ನೂ ಎಣ್ಣೀನೂ ಕಾಸಿಲ್ಲ."

ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಮಗಳಿಗೆ ಏನಾದರೂ ಹೇಳಬೇಕೆಂದು ಅವಲಕ್ಕಿ ಹೋಟೆಲಿಗೆ ಮಾಡಿದರೆ, ಮಾಲೀಕ ನಕ್ಕ. "ನಿಮ್ಮ ಹುಡುಗಿ ಹೋದ್ಳಲ್ಲರೀ, ನಿಮ್ಮದ ಗಾಡ್ಯಾಗ. ಗುರುಸಿದ್ಧ ಈಗರೆ ಬಂದ, ನೋಡಿದಾಂವನ ಹತ್ತಿಸ್ಕೊಂಡ."

ಮುಚ್ಚಳವನ್ನು ನೆತ್ತಿಯಿಂದ ಬುಡಕ್ಕೆ ಇಳಿಸಿದೆ. ಗಾಡಿಯೊಂದು ಹಿಂದಕ್ಕೆ ಬಂದದ್ದಕ್ಕೆ ಅಷ್ಟು ಸಂತೋಷಪಟ್ಟ ದಿನ ನನ್ನ ನೌಕರಿಯಲ್ಲಿ ಮತ್ತೊಂದಿಲ್ಲ.

ಮರಳಿ ಬಂದ ಗುರುಸಿದ್ಧ ಆಫೀಸಿನ ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆಯೇ ನಿಂತು ತಲೆ ಕೆರೆದುಕೊಂಡ.

"ಖಾರ ಇಳೀತೇನೋ?" ಎಂದೆ.

"ಬೈರಿ ಅಕ್ಕಾರ. ಘಟ್ಟದ ಈಚಿಗೇ ತಂಗಿ ಊರು ಐತಲ್ಲ. ಹೋಳಗಿ ಮಾಡಿದ್ಳು, ಕುಂದರಿಸಿಬಿಟ್ಳು. ಅಲ್ಲಿಂದನ ಫೋನ್ ಮಾಡಿ ಮಿರ್ಚಿ ಅಂದೆ. ಹೋಳಗಿ ಅಂದ್ರ ನಿಮ್ಮ ಹಲಗ್ಯಾಗ ಅದಕ್ಕ ಮೊಳಿ ಎಲ್ಲೈತಿ?"

"ಗಾಡ್ಯಾಗ ಯಾರನ್ನೂ ಹತ್ತಿಸಬ್ಯಾಡ ಅಂತ ಎಷ್ಟ ಸಲ ಹೇಳೀನಿ?"

"ಅದಕ್ಕೂ ಸೇರಿಸಿ ಬೈರಿ."

ಬೈಯಲು ಬಾಯಿ ತೆರೆದವಳು ಕೈ ಮುಗಿದೆ. ಅವನು ಗಾಬರಿಯಾಗಿ, "ಏ, ಬ್ಯಾಡ್ರಿ, ಬ್ಯಾಡ್ರಿ," ಎನ್ನುತ್ತ ಅಂಗಳಕ್ಕೆ ಓಡಿಯೇಬಿಟ್ಟ.

ಶಾಂಭವಿ ಈಗ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಆ ದಿನದ ಕಡೆಯ ಭಾಗವನ್ನು ಅವಳ ಬಾಯಿಂದಲೇ ಕೇಳಬೇಕು. ಶಾಲೆ ಪೇಟೆ ಬೀದಿಯ ಆಚೆ ಬದಿಗಿತ್ತಂತೆ, ಗಂಟೆ ಹೊಡೆಯುತ್ತಿತ್ತಂತೆ, ದಾಟಲು ಸಂದಿಲ್ಲದಷ್ಟು ಗಾಡಿಗಳಂತೆ. ಗುರುಸಿದ್ಧ ಲಾರಿಯನ್ನು ಬದಿಗೆ ನಿಲ್ಲಿಸಿ ಕೆಳಗೆ ಜಿಗಿದ. ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಟ್ಟನಡುವೆ ನಿಂತ.

"ನಮ್ಮ ಹುಡುಗಿ ಪರೀಕ್ಷಾಕ್ಕ ಹೊಂಟಾಳ! ನಿಂದರ್ರಿ ಎಲ್ಲಾರೂ!"

ಬಸ್ಸು, ಚಕ್ಕಡಿ, ಸೈಕಲ್ಲು, ಹಾರ್ನು ಹೊಡೆಯುತ್ತಿದ್ದ ಸಾಲಿಗೆ ಸಾಲೇ ನಿಂತಿತು. ನನ್ನ ಮಗಳು ಆ ಟವೆಲಿನ ನೆರಳಲ್ಲಿ ನಡೆದು ಆಚೆ ದಾಟಿದಳು.