ಮುಕ್ಕಾಂ ಪೋಸ್ಟ್ ವಿದ್ಯಾಪೀಠ

“ಮೊದಲ ಮೈಮ್ಯಾಗಿನ ಹೊಟ್ಟು ಝಾಡಿಸಿಕೊಂಡು ಬಾ ಹೋಗ, ಮೂಳೀ! ಕಂಪ್ಯೂಟರ ಖೋಲಿ ಇದು. ನಿಮ್ಮವ್ವ ಕಾಳು ಹಸನ ಮಾಡೂ ಮೋಂಢಾ ಅಲ್ಲ!”

ನಿಲಂಗಾದ ಆ ಕಾಲೇಜಿನ ಹೆಡ್‌ಕ್ಲಾರ್ಕ್ ಗುರುಲಿಂಗಪ್ಪನಿಗೆ ಹಣೆಯ ತುಂಬ ವಿಭೂತಿ, ಬಾಯಿ ತುಂಬ ಹೊಲಸು. ಬಂಡಮ್ಮ ಬಾಗಿಲ ಹೊರಗೆ ನಿಂತು ಓಢಣಿ ಕೊಡವಿದಳು. ಬೆಳಗಿನಿಂದ ಮೋಂಢಾದಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅವ್ವನ ಜೊತೆ ಸೋಯಾಬೀನು ಜರಡಿ ಹಿಡಿದು, ರೊಟ್ಟಿಯ ಗಂಟು ಬಿಚ್ಚದೆ ಓಡಿ ಬಂದಿದ್ದಳು. ಎಷ್ಟು ಕೊಡವಿದರೂ ಆ ಹೊಟ್ಟು ಹೋಗುವಂಥದಲ್ಲ, ಕಿವಿಯ ಸಂದಿಯಲ್ಲೂ ಕೂತಿರುತ್ತದೆ. ಹೋಗದಿದ್ದರೆ ಹಾಳಾಗಲಿ ಎಂದು ಒಳಗೆ ಕಾಲಿಟ್ಟಳು. ಬಿ.ಎ. ಕೊನೆಯ ವರ್ಷದ ಪರೀಕ್ಷೆಯ ಫಾರ್ಮು ತುಂಬಲು ಇವತ್ತೇ ಕಡೆಯ ದಿನ. ಸಂಜೆ ಐದಕ್ಕೆ ವಿದ್ಯಾಪೀಠದ ವೆಬ್‌ಸೈಟು ಫಾರ್ಮು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಿತ್ತು.

“ಸರ, ನಮ್ಮ ಊರು ಪಟ್ಟಿದಾಗ ಬರವಲ್ದರೀ.”

“ಹೊಸ ಕಣಗಾಂವ ಅಂತ ಒತ್ತು.”

“ಹೋದ ವರ್ಷ ನೀವು ಹೇಳಿದ್ರಿ ಅಂತ ಅದನ್ನೇ ಒತ್ತಿದ್ದೆ. ಜಾತಿ ಸರ್ಟಿಫಿಕೇಟಿನ್ಯಾಗ ‘ಪತ್ರಾ ಶೆಡ್’ ಅಂತ ಅದ, ಫಾರ್ಮಿನ್ಯಾಗ ‘ಹೊಸ ಊರು’ ಅಂತ ಅದ, ಎರಡೂ ಹೊಂದವಲ್ದು ಅಂತ ಫಾರ್ಮ ರದ್ದ ಮಾಡಿದ್ರು. ಒಂದು ವರ್ಷ ಮಣ್ಣಾತು. ಈ ಸಲ ಹೋದ್ರ ಮತ್ತ ಕೂಡ್ಲಾಕ ಬಿಡಂಗಿಲ್ಲ ಅಂತ ನೀವೇ ಹೇಳೀರಿ.”

“ಹಂಗಾರ ಹಳೇ ಕಣಗಾಂವ ಒತ್ತು.”

“ಒತ್ತಿದ್ರ ‘ಈ ಗ್ರಾಮ ಅಸ್ತಿತ್ವದಲ್ಲಿಲ್ಲ’ ಅಂತದ.”

“ಖರೇ ಅದಲ್ಲ ಮತ್ತ! ಭೂಕಂಪದಾಗ ಹೋಗ್ಯಾದ. ಸೈಟ ಏನ್ ಸುಳ್ಳ ಹೇಳ್ತದ?”

ಗುರುಲಿಂಗಪ್ಪ ನಕ್ಕ. ಅವನದೂ ಅದೇ ಊರು. ಭೂಕಂಪದ ಆ ಬೆಳಗಿನ ಜಾವ ಹಳೇ ಕಣಗಾಂವ ಒಂದೇ ಏಟಿಗೆ ಮಲಗಿತ್ತು. ಕೇರಿಯಲ್ಲಿ ಬಂಡಮ್ಮನ ಅಜ್ಜಿ ಗೋಡೆಯಡಿ ಸತ್ತಳು. ಆರು ತಿಂಗಳಿಗೆ ಪತ್ರಾ ಶೆಡ್ಡಿನಲ್ಲಿ, ಅಂದರೆ ತಗಡಿನ ಸೂರಿನಡಿ, ಹುಟ್ಟಿದ ಮೊಮ್ಮಗಳಿಗೆ ಅವಳ ಹೆಸರನ್ನೇ ಇಟ್ಟರು. ಸರಕಾರ ಹೊಸ ಊರು ಕಟ್ಟಿತು. ಯಾರಿಗೆ ಯಾವ ಮನೆ ಎಂಬ ಪಟ್ಟಿಯನ್ನು ಗುರುಲಿಂಗಪ್ಪನ ಅಪ್ಪ ಬರೆದ. ಮೊದಲು ತನ್ನದು, ಆಮೇಲೆ ತಮ್ಮಂದಿರದು, ಆಮೇಲೆ ಹೊಲ ಇದ್ದವರದು. ಕೇರಿಗೆ ಬರುವಷ್ಟರಲ್ಲಿ ಕಾಗದ ಮುಗಿದಿತ್ತಂತೆ. ಇಪ್ಪತ್ತನಾಲ್ಕು ವರ್ಷವಾದರೂ ಕೇರಿಗೆ ಕೇರಿಯೇ ಎರಡೂ ಊರುಗಳ ನಡುವಿನ ಬಯಲಲ್ಲಿ, ಅದೇ ಪತ್ರಾಗಳ ಕೆಳಗೆ ಬೇಯುತ್ತಿತ್ತು.

“ಇವತ್ತು ಪುಣೆದಿಂದ ಮ್ಯಾಡಮ್ ಬರ್ಲತ್ತಾರ. ಏಳು, ಹೊರಗ ನಡಿ. ಬಾಗಿಲದಾಗೂ ನಿಂದ್ರಬ್ಯಾಡ, ಅಪಶಕುನ,” ಎಂದ ಗುರುಲಿಂಗಪ್ಪ. ಬಂಡಮ್ಮ ಎದ್ದಳು, ಆದರೆ ಬಾಗಿಲು ಬಿಡಲಿಲ್ಲ.

ಮ್ಯಾಡಮ್ಮಿನ ಹೆಸರು ಮೀನಲ. ಈ ವೆಬ್‌ಸೈಟು ವಿದ್ಯಾರ್ಥಿಗಳಿಗೆ ಬಳಸಲು ಬರುತ್ತದೋ ಇಲ್ಲವೋ ಎಂದು ತಪಾಸಿಸಲು ವಿದ್ಯಾಪೀಠವೇ ಆಕೆಯನ್ನು ಕಳಿಸಿತ್ತು. ಅದಕ್ಕಾಗಿ ಪ್ರಿನ್ಸಿಪಾಲ ರೇವಣಸಿದ್ಧ ಕಂಪ್ಯೂಟರುಗಳಿಗೆಲ್ಲ ಚೆಂಡು ಹೂವಿನ ಮಾಲೆ ಹಾಕಿಸಿದ್ದ. ಪೇಟೆಯ ಸಾವಕಾರರ ಮಕ್ಕಳಲ್ಲಿ ಐದು ಮಂದಿಯನ್ನು ಆರಿಸಿ, ಎಲ್ಲಿ ಒತ್ತಬೇಕು, ಒತ್ತಿದ ಮೇಲೆ ಏನು ಹೊಗಳಬೇಕು ಎಂದು ಎರಡು ದಿನ ಬಾಯಿಪಾಠ ಮಾಡಿಸಿದ್ದ.

ಮೊದಲು ಕೂತವನು ಗುರುಲಿಂಗಪ್ಪನ ಅಕ್ಕನ ಮಗ ನೀಲೇಶ. ಕಣ್ಣು ಮುಚ್ಚಿದರೂ ನಡೆದೀತು ಎನ್ನುವಷ್ಟು ಸಲೀಸಾಗಿ ಒಂದು ನಿಮಿಷದಲ್ಲಿ ಫಾರ್ಮು ತುಂಬಿ, “ಸೈಟ್ ಆಕರ್ಷಕ ಅದ, ಸುಲಭ ಅದ, ವೇಗ ಅದ,” ಎಂದ. ಎರಡನೆಯವನೂ ಆಕರ್ಷಕ, ಸುಲಭ, ವೇಗ. ಮೂರನೆಯ ಹುಡುಗಿ ಗಾಬರಿಯಲ್ಲಿ ಕಂಪ್ಯೂಟರು ಚಾಲೂ ಆಗುವ ಮೊದಲೇ ಆಕರ್ಷಕ ಎಂದುಬಿಟ್ಟಳು.

ಮೀನಲ ಪೆನ್ನು ಕೆಳಗಿಟ್ಟಳು. ಬಾಗಿಲ ಕಡೆ ನೋಡಿದಳು. “ಆಕಿ ಯಾರು?”

“ಕಸ ಹೊಡಿಯಾಕಿ ಮ್ಯಾಡಮ್,” ಎಂದ ಗುರುಲಿಂಗಪ್ಪ.

“ಯಾರ ಕಸ?” ಬಂಡಮ್ಮ ಒಳಗೇ ಬಂದಳು. “ನಾ ಬಿ.ಎ. ಥರ್ಡ್ ಇಯರ್. ರೋಲ್ ನಂಬರ ಹೇಳ್ಲೇನು?”

“ಏ, ಹೊರಗ ನಡಿ!”

“ಇರ್ಲಿ,” ಎಂದಳು ಮೀನಲ. “ಈಕೀನ ಕೂಡ್ಸರಿ.”

ಮೀನಲಳ ಅಜ್ಜಿ ಸೋಲಾಪುರದವಳು. ಅವಳಿಂದ ಕಲಿತ ಮುರುಕು ಕನ್ನಡದಲ್ಲೇ ಆಕೆ ತಿಳಿಸಿ ಹೇಳಿದಳು. “ಪರೀಕ್ಷಾ ನಿಂದಲ್ಲ, ಸೈಟಿಂದು. ಫಾರ್ಮ್ ತುಂಬು. ತುಂಬೂವಾಗ ಮನಸ್ನ್ಯಾಗ ಏನು ಬರ್ತದೋ ಅದೆಲ್ಲಾ ಬಾಯಿ ಬಿಟ್ಟು ಹೇಳಬೇಕು. ಮುಚ್ಚಿಡಬ್ಯಾಡ. ನಾ ರೆಕಾರ್ಡ್ ಮಾಡ್ತೀನಿ.”

“ಮನಸ್ನ್ಯಾಗ ಬಂದದ್ದೆಲ್ಲಾನೂ?”

“ಎಲ್ಲಾನೂ.”

ಬಂಡಮ್ಮ ಜನ್ಮದಲ್ಲಿ ಇಂಥ ಮಾತು ಕೇಳಿರಲಿಲ್ಲ. ಬಾಯಿ ಮುಚ್ಚು ಎಂದವರೇ ಎಲ್ಲ. ಕುರ್ಚಿಯ ಮೇಲೆ ಕೂತಳು. ಹೂವಿನ ಮಾಲೆ ಅಡ್ಡ ಬರುತ್ತಿತ್ತು, ಕಿತ್ತು ಬದಿಗಿಟ್ಟಳು.

“ಹೂಂ, ತೆರೀತು. ತೆರಿಯೂದ್ರಾಗ ಒಂದು ಚಹಾ ಕುಡದು ಬರಬಹುದಿತ್ತು. ಫೋಟೋದಾಗ ಒಬ್ಬ ಸಾಹೇಬ ಹಾರ ಹಾಕಿಸಿಕೊಳ್ಳಲತ್ಯಾನ. ಈಗ ಅಂವಾ ಹ್ವಾದ, ಇನ್ನೊಬ್ಬ ಬಂದ, ಅಂವಾ ರಿಬ್ಬನ್ ಕತ್ತರಿಸಲತ್ಯಾನ. ಈಗ ಇಬ್ಬರೂ ಕೂಡಿ ಗಿಡ ಹಚ್ಚಲತ್ತಾರ. ಚಲೋ ಆತು. ಫಾರ್ಮ ಎಲ್ಲದರೀಪಾ? ಒಂಬತ್ತು ಮಂದಿ ಮುದುಕರು ಬಂದು ಹ್ವಾದರು, ಒಳಗ ಹೋಗೂ ಬಾಗಿಲಾ ಒಬ್ಬನೂ ತೋರಸವಲ್ಲ.”

ಪ್ರಿನ್ಸಿಪಾಲ ಕೆಮ್ಮಿದ. ಮೀನಲ ತುಟಿ ಕಚ್ಚಿ ಬರೆದುಕೊಂಡಳು.

“ಇಲ್ಲಿ ‘ಹೊಸ ಸೂಚನಾ’ ಅಂತ ಕೆಂಪು ಅಕ್ಷರ ಮಿಣಮಿಣ ಅನ್ಲತ್ತದ. ಒತ್ತಿದೆ. ತಾರೀಖ ನಾಕು ವರ್ಷದ ಹಿಂದಿಂದು. ನಾಕು ವರ್ಷದ ಕೂಸಿನ್ನ ಇನ್ನೂ ತೊಟ್ಟಲದಾಗ ಹಾಕಿ ತೂಗ್ಲತ್ತಾರ. ಇನ್ನೊಂದು ಒತ್ತಿದೆ. ಅಯ್ಯ, ಇದು ಅಡ್ಡ ಮಲಗ್ಯಾದ! ಕಾಗದಾ ಅಡ್ಡ ಇಟ್ಟು ಫೋಟೋ ತಗದಾನ ಭಾಡ್ಯಾ. ಕುತಿಗಿ ವಾರಿ ಮಾಡಿಕೊಂಡು ಓದಬೇಕು.” ಅವಳು ತಲೆ ಅಡ್ಡ ಹಾಕಿದಳು. ಮೀನಲಳೂ ಹಾಕಿದಳು. ನೋಡಿ ನೋಡಿ ನೀಲೇಶನ ತಲೆಯೂ ಅಡ್ಡವಾಯಿತು. “ಕಡೀಕ ಬರದಾರ, ‘ವಿದ್ಯಾರ್ಥಿಗಳು ನೇರವಾಗಿ ಅರ್ಜಿ ಸಲ್ಲಿಸಬೇಕು.’ ಮೊದಲ ನೀ ನೆಟ್ಟಗ ಕೂಡಪಾ, ಆಮ್ಯಾಲ ನಾ ನೆಟ್ಟಗ ಸಲ್ಲಸ್ತೀನಿ.”

“ಮ್ಯಾಡಮ್, ಇವರು ಭಾಳ ಉದ್ಧಟ ಮಂದಿ,” ಎಂದ ಪ್ರಿನ್ಸಿಪಾಲ.

“ಸರ, ಮಾತಾಡಬ್ಯಾಡ್ರಿ. ರೆಕಾರ್ಡಿಂಗ್ ಕೆಡ್ತದ.”

ಅಂತೂ ಫಾರ್ಮು ಸಿಕ್ಕಿತು. ಹೆಸರು, ಅವ್ವನ ಹೆಸರು, ಫೋಟೋ. ಫೋಟೋ ದೊಡ್ಡದಾಯಿತೆಂದು ಬೈಯಿತು, ಸಣ್ಣದು ಮಾಡಿದರೆ ಸಣ್ಣದಾಯಿತೆಂದು ಬೈಯಿತು. ಆಮೇಲೆ ‘ನಿಮ್ಮ ಸಮಯ ಮುಗಿದಿದೆ’ ಎಂದು ಮತ್ತೆ ಆ ಒಂಬತ್ತು ಮುದುಕರ ಹತ್ತಿರಕ್ಕೇ ಒಗೆಯಿತು.

“ಯಾವ ಬೋಳೀಮಗ ಒಳಗ ಗಡಿಯಾರ ಹಿಡಕೊಂಡು ಕೂತಾನ!”

“ಏ!” ಗುರುಲಿಂಗಪ್ಪ ಎದ್ದ.

“ಬೈಗುಳಾನೂ ಬೇಕು ನನಗ,” ಎಂದಳು ಮೀನಲ.

ಎರಡನೆಯ ಸಲ ಊರಿನ ಪಟ್ಟಿಯವರೆಗೆ ಬಂದಾಗ ನಾಲ್ಕೂವರೆ. ಬಂಡಮ್ಮನ ದನಿ ಇಳಿಯಿತು.

“ಹಳೇ ಕಣಗಾಂವ ಒತ್ತೀನಿ. ‘ಅಸ್ತಿತ್ವದಲ್ಲಿಲ್ಲ.’ ಇಲ್ಲಂದ ಮ್ಯಾಲ ಪಟ್ಟಿದಾಗ ಯಾಕ ಇಟ್ಟೀರಿ? ಹೊಸಾದು ಒತ್ತಿದ್ರ ರದ್ದ ಆಗ್ತದ, ಹೋದ ವರ್ಷ ಆಗ್ಯಾದ. ನಾ ಇರೂ ಜಾಗಾ ಇದ್ರಾಗಿಲ್ಲ. ಮನಸ್ನ್ಯಾಗ ಬಂದದ್ದು ಹೇಳು ಅಂದೀರಿ, ಹೇಳ್ತೀನಿ. ಗುರುಲಿಂಗಪ್ಪ ಸರ, ನಿಮ್ಮಪ್ಪ ಹಿಂಗೇ ಒಂದು ಪಟ್ಟಿ ಬರದಿದ್ದ. ನಮ್ಮವ್ವ ಬಸರಿ, ಮಳ್ಯಾಗ ನಿಮ್ಮ ಡೇರೆದ ಮುಂದ ಮೂರು ದಿನ ನಿಂತಿದ್ಳು, ನಮ್ಮ ಹೆಸರು ಬರಕೋರಿ ಯಪ್ಪಾ ಅಂತ. ‘ನಿಮ್ಮ ಗುಡಿಸಲಕ ನಂಬರ ಇದ್ದಿಲ್ಲ, ಬಿದ್ದದ್ದು ಯಾವ ಲೆಕ್ಕಕ್ಕ’ ಅಂದ ನಿಮ್ಮಪ್ಪ. ನಿಮಗ ಬಂದ ಎರಡನೇ ಮನಿದಾಗ ಇವತ್ತು ಕಡಬಿ ಒಟ್ಟೀರಿ. ದನದ ಮೇವು ಸಿಮೆಂಟಿನ ಮನ್ಯಾಗ, ನಮ್ಮವ್ವ ಪತ್ರಾದ ಕೆಳಗ. ನನಗ ಸಿಟ್ಟು ಬರ್ಲತ್ತದ ಅಕ್ಕಾ, ಅಳೂನೂ ಬರ್ಲತ್ತದ. ಬರಕೋರಿ ಇದನ್ನೂ.”

ಗುರುಲಿಂಗಪ್ಪನ ಹಣೆಯ ವಿಭೂತಿ ಬೆವರಿಗೆ ಇಳಿಯತೊಡಗಿತ್ತು.

“ಭಾಳ ಮಹತ್ವದ ಮಾತಿದು,” ಎಂದಳು ಮೀನಲ. ಅವಳ ಕಣ್ಣೂ ತೇವವಾಗಿತ್ತು. “ರಿಪೋರ್ಟಿನ್ಯಾಗ ಮೊದಲನೇ ನಂಬರಿಗೆ ಹಾಕ್ತೀನಿ.”

“ಎಂದ ಸರಿ ಮಾಡ್ತಾರ್ರೀ?”

“ಹೊಸ ಆವೃತ್ತಿ ಬರ್ತದಲ್ಲ, ಅದ್ರಾಗ. ಆರೆಂಟು ತಿಂಗಳು.”

“ಐದಕ್ಕ ಮುಚ್ಚತದ ಅಕ್ಕಾ, ಇವತ್ತು.”

ಮೀನಲ ವಹಿಯ ಹಾಳೆ ತಿರುವಿದಳು. “ಅದು ನನ್ನ ಕೈಯಾಗಿಲ್ಲ. ನೀ ಇನ್ನ ಹೋಗಬಹುದು. ಥ್ಯಾಂಕ್ ಯೂ.” ಚೀಲದಿಂದ ಒಂದು ಚಾಕಲೇಟು ತೆಗೆದು ಮೇಜಿನ ಮೇಲಿಟ್ಟಳು. ಪರೀಕ್ಷೆಗೆ ಕೂತವರಿಗೆಲ್ಲ ಒಂದೊಂದು.

ಬಂಡಮ್ಮ ಚಾಕಲೇಟು ನೋಡಿದಳು. ಎದ್ದೇಳಲಿಲ್ಲ. ಊರಿನ ಪಟ್ಟಿಯನ್ನು ಬುಡದಿಂದ ತುದಿಯವರೆಗೆ ಒಂದೊಂದಾಗಿ ಓದುತ್ತ ಹೋದಳು. ದೇವಣಿ, ಸಾಸ್ತೂರ, ಉಮರಗಾ, ಉದಗೀರ, ಎಲ್ಲವೂ ಇದ್ದವು. ಕಟ್ಟಕಡೆಗೆ ಎಲ್ಲಕ್ಕಿಂತ ಮೇಲಿದ್ದ ಹೆಸರು ಬಂತು. ‘ವಿದ್ಯಾಪೀಠ ಆವಾರ.’ ವಿದ್ಯಾಪೀಠದ ಆವರಣದೊಳಗಿನ ಬಂಗಲೆಗಳಲ್ಲಿರುವ ಸಾಹೇಬರ ಮಕ್ಕಳಿಗಾಗಿ ಹಾಕಿದ್ದು. ಅದರ ಪಕ್ಕದಲ್ಲಿ ‘ವಾಸದ ಪುರಾವೆ ಸಾಕು, ಜಾತಿ ದಾಖಲೆ ಬೇಕಿಲ್ಲ’ ಎಂದಿತ್ತು.

“ಬರದಾಂವಾ ತನ್ನ ಮನಿ ಮೊದಲ ಬರಕೊಂಡಾನ,” ಎಂದು ಗಟ್ಟಿಯಾಗಿಯೇ ಹೇಳಿ ಬಂಡಮ್ಮ ಅದನ್ನು ಒತ್ತಿದಳು.

ಹಸಿರು ಗೆರೆ ಬಂತು. ಗುರುಲಿಂಗಪ್ಪ ತಂತಿ ಕೀಳಲು ಹಾರಿದ. ಅಷ್ಟರಲ್ಲಿ ಅವಳು ‘ಸಲ್ಲಿಸಿ’ ಒತ್ತಿ ಆಗಿತ್ತು, ಮೂಲೆಯ ಯಂತ್ರ ಗರಗರ ಎಂದು ಪಾವತಿ ಚೀಟಿ ಉಗುಳಿತು. ‘ಬಂಡಮ್ಮ, ನಿವಾಸಿ: ವಿದ್ಯಾಪೀಠ ಆವಾರ. ಅರ್ಜಿ ಸ್ವೀಕೃತ. ವಾಸದ ಪುರಾವೆಯನ್ನು ಎಂಟು ದಿನದೊಳಗೆ ವಿದ್ಯಾಪೀಠದ ಪರೀಕ್ಷಾ ವಿಭಾಗದಲ್ಲಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಅರ್ಜಿ ರದ್ದು.’

“ಸುಳ್ಳು ಬರದಾಳ ರಂಡೆ! ಪೋಲೀಸರಿಗಿ ಕೊಡ್ತೀನಿ!”

“ಸುಳ್ಳಾಗ್ಲಾಕ ಇನ್ನಾ ಎಂಟು ದಿನ ಅದ ಸರ,” ಎಂದು ಬಂಡಮ್ಮ ಪಾವತಿ ಮಡಿಚಿಕೊಂಡು ಹೊರಟಳು.

ಅವ್ವ ರಂಭಾಬಾಯಿ ಮಗಳ ಮಾತು ಕೇಳಿ ಮೊದಲು ಹಣೆ ಬಡಿದುಕೊಂಡಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾರನೆಯ ದಿನ ಶೆಡ್ಡಿನ ಒಂದು ಬದಿಯ ನಾಲ್ಕು ಪತ್ರಾ ಬಿಚ್ಚಿ, ಒಂದರ ಮೇಲೊಂದಿಟ್ಟು ಕಟ್ಟಿ, ಬಸ್ಸಿನ ಟಪ್ಪಿಗೇರಿಸಿದರು. ವಿದ್ಯಾಪೀಠದ ದೊಡ್ಡ ಗೇಟಿನಲ್ಲಿ ಕಾವಲುಗಾರ ನಾಗನಾಥ ಅಡ್ಡ ಬಂದ. ಬಂಡಮ್ಮ ಪಾವತಿ ತೋರಿಸಿದಳು. ಅವನು ವಿದ್ಯಾಪೀಠದ ಲಾಂಛನ ನೋಡಿ, ‘ನಿವಾಸಿ’ ಎಂಬುದನ್ನು ಎರಡು ಸಲ ಓದಿ, ಗೇಟು ತೆರೆದ. ಪತ್ರಾದ ಒಂದು ಕೊನೆ ಹಿಡಿದು ಹುಲ್ಲಿನವರೆಗೂ ಬಂದ.

ಆಡಳಿತ ಕಟ್ಟಡದ ಎದುರಿಗಿನ ಕಾರಂಜಿಯ ಪಕ್ಕದಲ್ಲಿ ಶೆಡ್ಡು ನಿಂತಿತು. ಕಾರಂಜಿಯ ನೀರು ಪಾತ್ರೆ ತೊಳೆಯಲು ಅನುಕೂಲವಾಯಿತು. ಬಂಗಲೆಗಳಿಂದ ವಾಕಿಂಗಿಗೆ ಬಂದವರು, ಯಾವುದೋ ಜಾನಪದ ಪ್ರದರ್ಶನವಿರಬೇಕೆಂದು ಫೋಟೋ ತೆಗೆದುಕೊಂಡು ಹೋದರು. ದಿನಕ್ಕೊಬ್ಬ ಗುಮಾಸ್ತ ಬಂದು ಬೈದು ಹೋದ. ಬಂಡಮ್ಮ ಯಾರಿಗೂ ಉತ್ತರ ಕೊಡಲಿಲ್ಲ. ಬೈಗುಳಕ್ಕೆ ಶಿಕ್ಕಾ ಇರುವುದಿಲ್ಲ, ಮುದ್ರೆಯಿಲ್ಲದ ಅದನ್ನು ತೆಗೆದುಕೊಂಡು ಏನು ಮಾಡುವುದು? ರಾತ್ರಿ ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ. ಪುರಾವೆ ಎಲ್ಲಿಂದ ತರುವುದೆಂದು ಅವಳಿಗೂ ತಿಳಿದಿರಲಿಲ್ಲ.

ಏಳನೆಯ ದಿನ ಆಸ್ತಿ ವಿಭಾಗದ ದೊಡ್ಡ ಸಾಹೇಬನೇ ಬಂದ. ಹಿಂದೆ ಇಬ್ಬರು ಗುಮಾಸ್ತರು. ರಂಭಾಬಾಯಿ ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಹಾಕುತ್ತಿದ್ದಳು. ಹೊಗೆ ನೇರ ಸಾಹೇಬನ ಮುಖಕ್ಕೆ.

“ಏ ಬಾಯೀ, ಉಠ! ಕುಣಾಚಿ ಪರವಾನಗಿ ಘೇತಲಿ?” ಎಂದು ಮರಾಠಿಯಲ್ಲಿ ಕೂಗಿದ, ಏಳು, ಯಾರ ಪರವಾನಗಿ ತೆಗೆದುಕೊಂಡೆ ಎಂದು. “ಇದನ್ನು ಈಗಲೇ ಕಿತ್ತು ಹೋಗದಿದ್ದರೆ ನೋಟೀಸು ಕೊಡುತ್ತೇನೆ! ವಿದ್ಯಾಪೀಠದ ಆವಾರದಲ್ಲಿ ಬಿಡಾರ ಹೂಡಿದ್ದಾರೆಂದು ನೋಟೀಸು!”

ಬಂಡಮ್ಮ ತಿರುವಿ ಹಾಕುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದು ನಿಂತಳು. ಏಳು ದಿನದಲ್ಲಿ ಮೊದಲ ಸಲ ಅವಳ ಮುಖ ಅರಳಿತು.

“ಕೊಡ್ರಿ ಸಾಹೇಬ್ರ.”

“ಏನು?”

“ನೋಟೀಸ ಕೊಡ್ರಿ. ಕಾಗದದ ಮ್ಯಾಲ ಕೊಡ್ರಿ. ಬಂಡಮ್ಮ, ರಂಭಾಬಾಯಿ ಮಗಳು, ವಿದ್ಯಾಪೀಠ ಆವಾರದಾಗ ಕಾರಂಜಿ ಬಾಜೂಕ ಇರ್ತಾಳ ಅಂತ ಬರೀರಿ. ತಾರೀಖ ಹಾಕ್ರಿ, ಶಿಕ್ಕಾ ಹೊಡೀರಿ. ನಾಳಿಗಿ ಪರೀಕ್ಷಾ ಖಿಡಕಿದಾಗ ಅದನ್ನೇ ಕೊಡ್ತೀನಿ.”

ಸಾಹೇಬ ಆಗಲೇ ಪ್ಯಾಡು ತೆಗೆದು ಅವಳ ಹೆಸರು ಬರೆದಿದ್ದ. ಗುಮಾಸ್ತನೊಬ್ಬ ಅವನ ಕಿವಿಗೆ ಬಾಗಿ ಪಿಸುಗುಟ್ಟಿದ. ಸಾಹೇಬನ ಪೆನ್ನು ಹೆಸರಿನ ಮುಂದೆ ನಿಂತುಬಿಟ್ಟಿತು.

ಬಂಡಮ್ಮ ಬಕೀಟು ಬೋರಲು ಹಾಕಿ ಅವನ ಮುಂದಿಟ್ಟಳು.

“ನಿಂತು ಯಾಕ ಬರೀತೀರಿ, ಕೂಡ್ರಿ. ಅವ್ವಾ, ಸಾಹೇಬ್ರಿಗಿ ಒಂದು ಬಿಸಿ ರೊಟ್ಟಿ ಹಾಕು.”